ಮುಚ್ಚಳ ಮುಚ್ಚಿದರೂ ಪಿಯಾನೊ ಕೇಳಬೇಕು: ಡಿಪಿಎ 4099 ಜೋಡಿ ಮೈಕ್ ಕಿಟ್

ಬೆಂಗಳೂರಿನ ವೇದಿಕೆಗಳಲ್ಲಿ ಗ್ರ್ಯಾಂಡ್ ಪಿಯಾನೊ ಒಂಟಿಯಾಗಿ ಕೂರುವುದು ಕಡಿಮೆ. ಮಗ್ಗುಲಲ್ಲಿ ಡ್ರಮ್ಸ್ ಇರುತ್ತದೆ, ಫ್ಯೂಷನ್ ಕಛೇರಿಯಾದರೆ ಮೃದಂಗ, ಘಟ. ಹಿಂದೆ ಬೇಸ್ ಆಂಪ್, ಮುಂದೆ ಗಾಯಕರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರ್. ಇಂಥ ಕಡೆ ಮುಚ್ಚಳ ಪೂರ್ತಿ ಎತ್ತಿ, ಎರಡು ದುಬಾರಿ ಕಂಡೆನ್ಸರ್ ಮೈಕ್ ಸ್ಟ್ಯಾಂಡ್‌ಗೆ ಹಾಕಿ ನಿಲ್ಲಿಸಿದರೆ ಮಿಕ್ಸರ್‌ಗೆ ಬರುವುದು ಪಿಯಾನೊಗಿಂತ ಹೆಚ್ಚಾಗಿ ಸಿಂಬಲ್. ಸದ್ದಿನ ಮಟ್ಟದ ಫೇಡರ್ ಏರಿಸಿದಷ್ಟೂ ಸಿಂಬಲ್ಲೇ ಏರುತ್ತದೆ. ಡೆನ್ಮಾರ್ಕ್‌ನ ಡಿಪಿಎ ಕಂಪನಿಯ 4099 ಪಿಯಾನೊ ಕಿಟ್ಟನ್ನು ಅಳೆಯಬೇಕಾದ್ದು ಈ ಜಾಗದಲ್ಲಿ. ಸ್ಟುಡಿಯೊದಲ್ಲಿ ದೊಡ್ಡ ಮೈಕುಗಳ ಪಕ್ಕ ಇಟ್ಟು ಮಾರ್ಕ್ಸ್ ಹಾಕಿದರೆ ಅದು ಸೋಲುತ್ತದೆ. ಸದ್ದಿನ ವೇದಿಕೆಯ ಮೇಲೆ, ಮುಚ್ಚಳ ಹಾಕಿದ ಪಿಯಾನೊದೊಳಗೆ, ಆ ದೊಡ್ಡ ಮೈಕುಗಳು ಸೋಲುತ್ತವೆ.

ಪೆಟ್ಟಿಗೆ ತೆಗೆದರೆ ಸಿಗುವುದು ಇಷ್ಟು: ಎರಡು 4099 ಮೈಕ್, ಎರಡು ಅಯಸ್ಕಾಂತದ ಹೋಲ್ಡರ್, ತೆಳ್ಳನೆಯ ಕೇಬಲ್‌ಗಳು, ಮಿಕ್ಸರ್ ಕೇಬಲ್‌ಗೆ ಜೋಡಿಸುವ ಎರಡು ಎಕ್ಸ್‌ಎಲ್‌ಆರ್ ಅಡಾಪ್ಟರ್. ಮೈಕಿನ ತಲೆ ಕಿರುಬೆರಳಿಗಿಂತ ಚಿಕ್ಕದು, ಅದನ್ನು ಹೊತ್ತ ಬಾಗುವ ಕತ್ತು ಸುಮಾರು 14 ಸೆಂ.ಮೀ., ಗೇಣಿಗಿಂತ ಗಿಡ್ಡ. ಕೇಬಲ್ 1.8 ಮೀಟರ್. ಅಡಾಪ್ಟರ್ ಮೂಲಕ ಮಿಕ್ಸರ್‌ನ 48 ವೋಲ್ಟ್ ಫ್ಯಾಂಟಮ್ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್) ಹೋಗದಿದ್ದರೆ ಮೈಕ್ ಮಾತಾಡುವುದಿಲ್ಲ. ಆ ಅಡಾಪ್ಟರ್ ಕಳೆದರೆ ಇಡೀ ಕಿಟ್ ದಂಡ, ಆದ್ದರಿಂದ ಮೂರನೆಯದೊಂದು ಚೀಲದಲ್ಲಿರಲಿ. ರಾತ್ರಿ ಎಂಟು ಗಂಟೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ಗೆ ಓಡಿದರೆ ಸಿಗುವ ಸಾಮಾನು ಅದಲ್ಲ.

4099ರಲ್ಲಿ ಎರಡು ಬಗೆ ಇದೆ. ಒಂದರ ಸೂಕ್ಷ್ಮತೆ ಪ್ಯಾಸ್ಕಲ್‌ಗೆ 6 ಮಿಲಿವೋಲ್ಟ್, 142 ಡಿಬಿ ಸದ್ದಿನ ತನಕ ತಡೆದುಕೊಳ್ಳುತ್ತದೆ. ಇನ್ನೊಂದರದು 2 ಮಿಲಿವೋಲ್ಟ್, 152 ಡಿಬಿ. ಎರಡನೆಯದು ಡ್ರಮ್ಸ್‌ಗೆ, ತುತ್ತೂರಿಗೆ. ‘ಜಾಸ್ತಿ ತಡೆದುಕೊಳ್ಳುವುದೇ ಒಳ್ಳೆಯದು’ ಎಂದು ಪಿಯಾನೊಗೆ ಅದನ್ನು ಕೊಂಡರೆ ಸುಮ್ಮನೆ ಸುಮಾರು 10 ಡಿಬಿ ಗೇನ್ ಕಳೆದುಕೊಂಡು, ಅದನ್ನು ಪ್ರಿಆಂಪ್‌ನಲ್ಲಿ ಮತ್ತೆ ಏರಿಸಬೇಕು. ಪಿಯಾನೊಗೆ ಮೊದಲ ಬಗೆ ಸಾಕು.

ಇನ್ನು ಜೋಡಿಸುವ ಕೆಲಸ. ಶ್ರುತಿ ಮಾಡುವವರು ಮುಗಿಸಿ ಏಳುವ ತನಕ ಪಿಯಾನೊದೊಳಗೆ ಏನನ್ನೂ ಇಡಬಾರದು. ಅವರಿಗೆ ಒಂದೂವರೆಯಿಂದ ಎರಡು ಗಂಟೆ ನಿಶ್ಶಬ್ದ ಬೇಕು. ಆ ಹೊತ್ತಿನಲ್ಲಿ ಡ್ರಮ್ಸ್ ಚೆಕ್ ಮಾಡಿದರೆ ಅವರು ತಂತಿ ಬಿಟ್ಟು ಸೌಂಡ್‌ನವರನ್ನೇ ಬಿಗಿಯುತ್ತಾರೆ, ತಪ್ಪೂ ಅಲ್ಲ. ಲಾರಿಯಲ್ಲಿ ಬಂದ ಬಾಡಿಗೆ ಪಿಯಾನೊ ಆದರೆ ವೇದಿಕೆಯ ಹವೆಗೆ ಹೊಂದಿಕೊಳ್ಳಲು ಮೊದಲು ಕೆಲವು ಗಂಟೆ ಬಿಡಬೇಕು. ಮಳೆಗಾಲದ ತೇವ, ಮೇಲಿಂದ ಬೀಳುವ ದೀಪದ ಕಾವು, ಎರಡೂ ಶ್ರುತಿ ಕೆಡಿಸುತ್ತವೆ. ಶ್ರುತಿ ತಪ್ಪಿದ ಪಿಯಾನೊವನ್ನು ಯಾವ ಮೈಕೂ ಉಳಿಸುವುದಿಲ್ಲ, ಹತ್ತಿರದ ಮೈಕ್ ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಒಳಗೆ ಚಿನ್ನದ ಬಣ್ಣದಲ್ಲಿ ಹೊಳೆಯುವ ಚೌಕಟ್ಟು ನೋಡಲು ಹಿತ್ತಾಳೆ ಅನ್ನಿಸಿದರೂ ಎರಕದ ಕಬ್ಬಿಣ, ಅಯಸ್ಕಾಂತ ಚೆನ್ನಾಗಿ ಕಚ್ಚುತ್ತದೆ. ಮರದ ಅಂಚಿಗೆ ಕಚ್ಚದು. ಹೋಲ್ಡರನ್ನು ಮೇಲಿಂದ ನೇರ ಇಳಿಸಿದರೆ ಕೊನೆಯ ಒಂದು ಅಂಗುಲದಲ್ಲಿ ಅದೇ ಕೈಯಿಂದ ಜಿಗಿದು ಟಪ್ ಎಂದು ಬಡಿಯುತ್ತದೆ, ಚಿನ್ನದ ಬಣ್ಣ ಕಿತ್ತುಬರುತ್ತದೆ. ಮೊದಲು ಒಂದು ಅಂಚು ತಾಗಿಸಿ, ಆಮೇಲೆ ನಿಧಾನ ಮಲಗಿಸಬೇಕು. ತೆಗೆಯುವಾಗಲೂ ಮೇಲಕ್ಕೆ ಜಗ್ಗದೆ ಒಂದು ಬದಿಗೆ ವಾಲಿಸಿ ಬಿಡಿಸಿಕೊಳ್ಳಬೇಕು. ಜಗ್ಗಿದರೆ ಕೈ ಜಾರಿ ಮೈಕಿನ ತಲೆ ತಂತಿಗಳ ಮೇಲೆ ಬೀಳುತ್ತದೆ.

ಎಲ್ಲಿ ಕೂರಿಸಬೇಕು? ಚೌಕಟ್ಟಿನಲ್ಲಿ ಕೀಬೋರ್ಡ್ ಕಡೆಯಿಂದ ಬಾಲದ ಕಡೆಗೆ ಹೋಗುವ ಕಬ್ಬಿಣದ ಪಟ್ಟಿಗಳಿರುತ್ತವೆ, ಅವೇ ಸರಿ. ಶ್ರುತಿಯ ಗೂಟಗಳ ಹತ್ತಿರ ಬೇಡ, ಮಧ್ಯಂತರದಲ್ಲಿ ಒಂದು ತಂತಿ ಸರಿಮಾಡಬೇಕಾಗಿ ಬಂದರೆ ಅಡ್ಡಿ. ತಾರ ಭಾಗದ ಮೈಕನ್ನು ಬಲಗಡೆಯ ಪಟ್ಟಿಯ ಮೇಲಿಟ್ಟು, ತಲೆಯನ್ನು ಡ್ಯಾಂಪರ್‌ಗಳಿಂದ (ತಂತಿಯ ಸದ್ದು ನಿಲ್ಲಿಸುವ ಮೆತ್ತೆಗಳು) ಒಂದು ಅಂಗೈಯಗಲ ಬಾಲದ ಕಡೆಗೆ, ತಂತಿಗಳಿಂದ 12ರಿಂದ 15 ಸೆಂ.ಮೀ. ಎತ್ತರದಲ್ಲಿ ನಿಲ್ಲಿಸಿ. ಮಂದ್ರದ ಮೈಕ್ ಇನ್ನೂ ಹಿಂದಕ್ಕೆ, ತಾಮ್ರ ಸುತ್ತಿದ ದಪ್ಪ ತಂತಿಗಳು ಉಕ್ಕಿನ ತಂತಿಗಳ ಮೇಲೆ ಅಡ್ಡ ಹಾಯುವ ಜಾಗದತ್ತ ಮುಖಮಾಡಲಿ, ಎತ್ತರ 15ರಿಂದ 20. ತಂತಿಗೆ ಬಡಿಯುವ ಉಣ್ಣೆಯ ಹ್ಯಾಮರ್‌ಗಳಿಗೆ ತೀರ ಹತ್ತಿರ ತಂದರೆ ಸ್ವರಕ್ಕಿಂತ ಮುಂಚೆ ಉಣ್ಣೆಯ ಬಡಿತ, ಡ್ಯಾಂಪರ್ ಬೀಳುವ ಸದ್ದು, ಪೆಡಲ್‌ನ ಗುದ್ದು ಕೇಳುತ್ತದೆ. ತೀರ ಹಿಂದೆ ಹೋದರೆ ಬಡಿತದ ಅಂಚು ಮಾಯವಾಗಿ ಎಲ್ಲ ಗೊಜ್ಜು.

ಎರಡು ಮೈಕ್‌ಗಳ ನಡುವಿನ ಅಂತರ, ಮೈಕ್‌ನಿಂದ ತಂತಿಗಿರುವ ಅಂತರದ ಮೂರರಷ್ಟಾದರೂ ಇರಬೇಕು. ಎತ್ತರ 15 ಸೆಂ.ಮೀ. ಆದರೆ ಅಂತರ 45. ಇಲ್ಲದಿದ್ದರೆ ಒಂದೇ ಸ್ವರ ಎರಡೂ ಮೈಕ್‌ಗೆ ಸ್ವಲ್ಪ ಹಿಂದೆಮುಂದೆ ತಲುಪಿ, ಕೂಡಿದಾಗ ಕೆಲವು ಸ್ವರ ಟೊಳ್ಳಾಗುತ್ತವೆ. ಯಮಾಹಾ ಸಿ3ಯಂಥ 186 ಸೆಂ.ಮೀ. ಪಿಯಾನೊದಲ್ಲಿ ಇದು ಕಷ್ಟವಿಲ್ಲದೆ ಆಗುತ್ತದೆ. 150 ಚಿಲ್ಲರೆ ಸೆಂ.ಮೀ.ನ ಬೇಬಿ ಗ್ರ್ಯಾಂಡ್‌ನಲ್ಲಿ ಮೈಕುಗಳನ್ನು ಇನ್ನಷ್ಟು ತಗ್ಗಿಸಿ ಲೆಕ್ಕ ಹೊಂದಿಸಬೇಕು.

ಆದ ಮೇಲೆ ಒಂದು ಪರೀಕ್ಷೆ ಇದೆ, ಅದನ್ನು ಬಿಟ್ಟವರು ಕಾರ್ಯಕ್ರಮದ ಉದ್ದಕ್ಕೂ ಮಂದ್ರ-ತಾರ ಹೊಂದಿಸುವ ಈಕ್ಯೂ ತಿರುಗಿಸುತ್ತಲೇ ಇರುತ್ತಾರೆ. ಅತಿ ಮಂದ್ರದ ಕೀಯಿಂದ ಮೇಲಿನ ತನಕ ಕಪ್ಪು ಬಿಳಿ ಒಂದನ್ನೂ ಬಿಡದೆ, ಒಂದೇ ಬಲದಲ್ಲಿ, ನಿಧಾನವಾಗಿ ನುಡಿಸಲು ಹೇಳಿ. ಮಿಕ್ಸರ್ ಹತ್ತಿರ ಹೆಡ್‌ಫೋನ್‌ನಲ್ಲಿ ಕೇಳಿ. ನಾಲ್ಕೈದು ಸ್ವರ ಮಾತ್ರ ದಿಢೀರ್ ಮುಂದೆ ಬಂದರೆ ಮೈಕ್ ಅವನ್ನೇ ನೋಡುತ್ತಿದೆ ಎಂದರ್ಥ, ಮೂರು ನಾಲ್ಕು ಸೆಂ.ಮೀ. ಮೇಲೆತ್ತಿ. ಮಧ್ಯದಲ್ಲಿ ಹಳ್ಳ ಬಿದ್ದರೆ ಎರಡೂ ತಲೆಗಳನ್ನು ಸ್ವಲ್ಪ ಒಳಕ್ಕೆ ತಿರುಗಿಸಿ. ಆಮೇಲೆ ಎರಡು ಚಾನೆಲ್‌ಗಳನ್ನೂ ಒಂದಾಗಿ ಕೂಡಿಸಿ ಮೊನೊ ಮಾಡಿ, ಒಂದರ ಪೊಲಾರಿಟಿ (ಪ್ಲಸ್-ಮೈನಸ್) ತಿರುಗಿಸಿ ನೋಡಿ. ತಿರುಗಿಸಿದಾಗ ಮಂದ್ರ ತುಂಬಿಕೊಂಡರೆ ಜಾಗ ಸರಿ ಇಲ್ಲ, ಇಲ್ಲವೇ ಕೇಬಲ್ ತಿರುವುಮುರುವು. ಮೊನೊ ಯಾಕೆ ಅಷ್ಟು ಮುಖ್ಯ ಎಂದರೆ, ಸಭಾಂಗಣದ ಪಕ್ಕದ ಸೀಟಿನವರಿಗೆ ಕೇಳುವುದು ಒಂದೇ ಕಡೆಯ ಸ್ಪೀಕರ್. ಮಂದ್ರ ಪೂರ್ತಿ ಎಡಕ್ಕೆ, ತಾರ ಪೂರ್ತಿ ಬಲಕ್ಕೆ ಹಾಕಿದರೆ ಬಲಗಡೆ ಕೂತವರಿಗೆ ಎಡಗೈಯೇ ಇಲ್ಲದ ಪಿಯಾನೊ ಸಿಗುತ್ತದೆ. ಸದ್ದನ್ನು ಎಡಬಲಕ್ಕೆ ಹಂಚುವ ಪ್ಯಾನ್ ಗುಂಡಿ ಗಡಿಯಾರದ ಹತ್ತು ಮತ್ತು ಎರಡರಲ್ಲಿ ಇದ್ದರೆ ಸಾಕು.

ಮುಚ್ಚಳದ ವಿಷಯಕ್ಕೆ ಬರೋಣ, ಈ ಕಿಟ್‌ಗೆ ಕೊಡುವ ದುಡ್ಡು ವಸೂಲಾಗುವುದೇ ಇಲ್ಲಿ. ಸ್ಟ್ಯಾಂಡ್ ಮೇಲಿನ ಮೈಕ್ ಇದ್ದರೆ ಮುಚ್ಚಳ ಮುಚ್ಚಲಾಗದು, ಬೂಮ್ ಅಡ್ಡ ಬರುತ್ತದೆ. 4099 ಒಳಗೇ ಬಾಗಿ ಮಲಗುತ್ತದೆ. ತಲೆಗಳನ್ನು ತಂತಿಗೆ 8ರಿಂದ 10 ಸೆಂ.ಮೀ.ಗೆ ತಗ್ಗಿಸಿ, ಕತ್ತನ್ನು ತಂತಿಗಳಿಗೆ ಸಮಾನಾಂತರವಾಗಿ ಬಗ್ಗಿಸಿ ಮುಚ್ಚಳ ಇಳಿಸಬಹುದು. ಇಳಿಸುವ ಮುಂಚೆ ಅರ್ಧ ಮುಚ್ಚಿ ಟಾರ್ಚ್ ಹಾಕಿ ನೋಡಿ: ಕತ್ತು ಮುಚ್ಚಳಕ್ಕೆ ತಾಗಿದರೆ ಮುಚ್ಚಳದ ಕಂಪನವೆಲ್ಲ ಮೈಕ್‌ಗೆ, ತಂತಿಗೆ ತಾಗಿದರೆ ಒಂದು ಸ್ವರಕ್ಕೆ ಮಾತ್ರ ಜುಯ್ ಎನ್ನುವ ಕೀಟದ ಸದ್ದು. ಆ ಕೀಟವನ್ನು ಹುಡುಕುತ್ತ ಕೇಬಲ್ ಬದಲಿಸಿ, ಚಾನೆಲ್ ಬದಲಿಸಿ, ಸೌಂಡ್ ಚೆಕ್ ಪೂರ್ತಿ ಕಳೆಯುವುದುಂಟು. ಮೊದಲು ಒಳಗೆ ಇಣುಕಿ.

ಮುಚ್ಚಿದ ಪಿಯಾನೊ ಡಬ್ಬಿಯ ಹಾಗೆ ಕೇಳುತ್ತದೆ ಎನ್ನುವ ದೂರು ಸುಳ್ಳಲ್ಲ. ಮುಚ್ಚಳಕ್ಕೂ ತಂತಿಗೂ ನಡುವೆ ಸದ್ದು ಹೋಗಿಬಂದು 250ರಿಂದ 350 ಹರ್ಟ್ಜ್ ಆಸುಪಾಸಿನಲ್ಲಿ ಗಂಟು ಕಟ್ಟುತ್ತದೆ. ಅಲ್ಲಿ 3 ಡಿಬಿ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ನೋಟೇಶನ್ ಪುಸ್ತಕ ಇಡುವ ಪಟ್ಟಿಗೆಂದು ಮುಚ್ಚಳದ ಮುಂಭಾಗವನ್ನು ಮಡಚಿ ಹಿಂದಕ್ಕೆ ಹಾಕಿರುತ್ತಾರೆ, ಆ ಸಂದಿಯಿಂದ ಗಾಯಕರ ಮಾನಿಟರ್ ಒಳಗೆ ನುಗ್ಗುತ್ತದೆ. ಪಟ್ಟಿಯ ಹಿಂದೆ ಒಂದು ದಪ್ಪ ಕಪ್ಪು ಬಟ್ಟೆ ಇಳಿಬಿಡಿ, ಶ್ರುತಿಯ ಗೂಟಗಳ ಮೇಲೆ ಬಿದ್ದರೂ ಅಡ್ಡಿಯಿಲ್ಲ, ತಂತಿಗೆ ತಾಗದಿದ್ದರೆ ಸರಿ.

ಸಣ್ಣ ಕೋಲಿನ ಮೇಲೆ ಅರ್ಧ ಎತ್ತಿದ ಮುಚ್ಚಳವೂ ಸಾಧ್ಯ. ಆಗ ಮೈಕ್‌ನ ದಿಕ್ಕಿಗೆ ಬೆಲೆ ಬರುತ್ತದೆ. 4099 ಸೂಪರ್‌ಕಾರ್ಡಿಯಾಯ್ಡ್, ಅಂದರೆ ಮುಂದಿನದನ್ನೇ ಹೆಚ್ಚು ಕೇಳುವ ಬಗೆ. ಇಂಥ ಮೈಕ್ ನೇರ ಬೆನ್ನ ಹಿಂದಿನದನ್ನು ಸ್ವಲ್ಪ ಕೇಳಿಸಿಕೊಳ್ಳುತ್ತದೆ, ಪೂರ್ತಿ ಕಿವುಡಾಗುವುದು ಸುಮಾರು 125 ಡಿಗ್ರಿಯಲ್ಲಿ, ಬೆನ್ನಿಗೂ ಪಕ್ಕೆಗೂ ನಡುವೆ. ತಲೆಯನ್ನು ನೇರ ಕೆಳಗೆ ಮುಖಮಾಡಿದರೆ ಪಕ್ಕದ ಡ್ರಮ್ಸ್ 90 ಡಿಗ್ರಿಯಲ್ಲಿರುತ್ತದೆ, ಅಲ್ಲಿ ತಡೆ ಸುಮಾರು 9 ಡಿಬಿ ಮಾತ್ರ. ಅದೇ ತಲೆಯನ್ನು ಡ್ರಮ್ಸ್‌ನಿಂದ ಆಚೆಗೆ 35 ಡಿಗ್ರಿಯಷ್ಟು ವಾಲಿಸಿದರೆ ಡ್ರಮ್ಸ್ ಸರಿಯಾಗಿ ಆ ಕಿವುಡು ಕೋನಕ್ಕೆ ಬೀಳುತ್ತದೆ. ಕತ್ತಿನಲ್ಲಿ ಮಾಡುವ ಈ ಒಂದು ಬಾಗು ಮಿಕ್ಸರ್‌ನಲ್ಲಿ ಮಾಡುವ ಹತ್ತು ತಿದ್ದುಪಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೆ ಹೊಕ್ಕು ಊಳಿಡುವ ಫೀಡ್‌ಬ್ಯಾಕ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಹಾಡುವ ಮೈಕ್‌ನಲ್ಲಿ ಕುಯ್ ಎಂದರೆ ಮೈಕ್ ಸರಿಸಿದರಾಯಿತು. ಪಿಯಾನೊದಲ್ಲೂ ಅಷ್ಟೇ ಎಂದುಕೊಳ್ಳುತ್ತಾರೆ, ಆದರೆ ಅಲ್ಲಿ ಊಳಿಡುವುದು ಸೌಂಡ್‌ಬೋರ್ಡ್. ಅಷ್ಟಗಲದ ತೆಳು ಮರದ ಹಲಗೆ, ಅದರ ಮೇಲೆ ಇನ್ನೂರಕ್ಕೂ ಹೆಚ್ಚು ತಂತಿ. ಮಾನಿಟರ್‌ನ ಸದ್ದು ಹಲಗೆಗೆ ತಾಗಿದರೆ ಹಲಗೆಯೇ ನಡುಗಿ ತಂತಿಗಳನ್ನು ಎಬ್ಬಿಸುತ್ತದೆ, ಮೈಕ್ ಅದನ್ನು ಕೇಳುತ್ತದೆ. ಆದ್ದರಿಂದ ಪಿಯಾನಿಸ್ಟ್‌ನ ಮಾನಿಟರನ್ನು ಪಿಯಾನೊ ಕೆಳಗೆ ಮುಖಮಾಡಿ ಇಡುವುದು ಎಲ್ಲಕ್ಕಿಂತ ಕೆಟ್ಟ ಜಾಗ, ಆದರೂ ಜಾಗ ಸಿಗುವುದೇ ಅಲ್ಲಿ ಎಂದು ಅಲ್ಲೇ ಇಡುತ್ತಾರೆ. ಎಡಗಡೆ, ಸ್ಟೂಲ್‌ಗಿಂತ ಸ್ವಲ್ಪ ಹಿಂದೆ, ಕಿವಿಯ ಕಡೆ ಎತ್ತಿ ಇಡಿ. ಸಾಧ್ಯವಿದ್ದರೆ ಕಿವಿಯೊಳಗೆ ಹಾಕುವ ಇನ್-ಇಯರ್ ಮಾನಿಟರ್ ಕೊಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹೀಗೆ ಊಳಿಡುವ ಫ್ರೀಕ್ವೆನ್ಸಿ ಹುಡುಕುವಾಗ ಯಾರಾದರೂ ಬಲಗಡೆಯ ಸಸ್ಟೇನ್ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಬೇಕು. ಪೆಡಲ್ ಬಿಟ್ಟಾಗ ಡ್ಯಾಂಪರ್‌ಗಳು ತಂತಿಗಳ ಮೇಲೆ ಕೂತಿರುತ್ತವೆ, ಪಿಯಾನೊ ಸಾಧುವಾಗಿರುತ್ತದೆ. ಒತ್ತಿದ ಕ್ಷಣ ಎಲ್ಲ ತಂತಿಗಳೂ ಬಿಡುಗಡೆಯಾಗಿ, ಯಾವ ಸದ್ದಿಗೂ ಮಿಡಿಯಲು ಸಿದ್ಧ. ಪೆಡಲ್ ಬಿಟ್ಟು ಸರಿಮಾಡಿದ ವೇದಿಕೆ, ಕಾರ್ಯಕ್ರಮದ ಮೊದಲ ನಿಧಾನದ ಹಾಡಿನಲ್ಲೇ ಗುಂಯ್ ಎನ್ನುತ್ತದೆ. ಪೆಡಲ್ ಒತ್ತಿ ಫೇಡರ್ ನಿಧಾನ ಏರಿಸಿ, ಮೊದಲು ಎದ್ದ ಎರಡು ಮೂರು ಜಾಗಗಳನ್ನು, ಸಾಮಾನ್ಯವಾಗಿ 150ರಿಂದ 400 ಹರ್ಟ್ಜ್ ಒಳಗೆ, ಕಿರಿದಾಗಿ 4ರಿಂದ 6 ಡಿಬಿ ಕತ್ತರಿಸಿ. ಅದಕ್ಕಿಂತ ಹೆಚ್ಚು ಕತ್ತರಿಸಬೇಕಾಗಿ ಬಂದರೆ ಮಾನಿಟರ್ ಜಾಗವೇ ತಪ್ಪು.

ಮೈಕ್‌ನ ಸ್ವಂತ ದನಿ ಹೇಗೆ? 20 ಸೆಂ.ಮೀ. ದೂರದಲ್ಲಿ 80 ಹರ್ಟ್ಜ್‌ನಿಂದ 15 ಕಿಲೋಹರ್ಟ್ಜ್ ತನಕ ಹೆಚ್ಚುಕಡಿಮೆ ಸಪಾಟು, 10ರಿಂದ 12 ಕಿಲೋಹರ್ಟ್ಜ್ ಬಳಿ 2 ಡಿಬಿಯಷ್ಟು ಮೃದುವಾದ ಏರು. ಪಿಯಾನೊದ ಅತಿ ಮಂದ್ರದ ಸ್ವರ 27.5 ಹರ್ಟ್ಜ್, ಹಾಗಾದರೆ ಅದು ಕಾಣೆಯೇ? ಇಲ್ಲ. ಆ ತಂತಿಗಳಲ್ಲಿ ಮೂಲಸ್ವರ ತಾನೇ ಕ್ಷೀಣ, ನಮ್ಮ ಕಿವಿ ಮೇಲಿನ ಉಪಸ್ವರಗಳಿಂದ ಅದನ್ನು ಕಟ್ಟಿಕೊಳ್ಳುತ್ತದೆ. ವೇದಿಕೆಯಲ್ಲಿ 60ರಿಂದ 80 ಹರ್ಟ್ಜ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಹಾಕುವುದರಿಂದ ಕಳೆಯುವುದು ಪೆಡಲ್‌ನ ಗುದ್ದು ಮತ್ತು ವೇದಿಕೆಯ ನೆಲ ನಡುಗುವ ಸದ್ದು. ಮೇಲಿನ ಏರು ಮೈಕ್‌ನಲ್ಲೇ ಇರುವುದರಿಂದ ಮಿಕ್ಸರ್‌ನಲ್ಲಿ ಮತ್ತೆ ಟ್ರೆಬಲ್ ಏರಿಸಬೇಡಿ. ಹ್ಯಾಮರ್‌ಗಳ ಉಣ್ಣೆ ಗಟ್ಟಿಯಾದ ಪಿಯಾನೊದಲ್ಲಿ 2.5ರಿಂದ 3.5 ಕಿಲೋಹರ್ಟ್ಜ್ ಕಡೆ ಚುಚ್ಚಿದರೆ ಎರಡು ಡಿಬಿ ಇಳಿಸಬಹುದು, ಅದಕ್ಕೂ ಬಗ್ಗದಿದ್ದರೆ ಉಣ್ಣೆಯನ್ನು ಹದ ಮಾಡುವುದು ಶ್ರುತಿಯವರ ಕೆಲಸ. ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ ಬೇಕೆನಿಸಿದರೆ 2:1, ಅಟ್ಯಾಕ್ 20ರಿಂದ 30 ಮಿಲಿಸೆಕೆಂಡ್, 3 ಡಿಬಿ ದಾಟದ ಹಾಗೆ. ಸದ್ದು ಕಡಿಮೆಯಾದಾಗ ಮೈಕ್ ಮುಚ್ಚುವ ಗೇಟ್ ಹಾಕಬೇಡಿ, ಪೆಡಲ್‌ನ ತುದಿಯೆಲ್ಲ ಕತ್ತರಿಸಿಹೋಗುತ್ತದೆ.

ಇದರ ಕುಂದುಗಳೂ ಇವೆ. ಮೈಕ್ರೋಡಾಟ್ ಎನ್ನುವ ಕನೆಕ್ಟರ್ ತೀರ ಪುಟ್ಟ ತಿರುಪು, ಕತ್ತಲಲ್ಲಿ ಅವಸರದಲ್ಲಿ ಅಡ್ಡ ತಿರುಗಿಸಿದರೆ ತಿರುಪಿನ ಸುತ್ತು ಸವೆಯುತ್ತದೆ. ಕೈಬೆರಳಲ್ಲಿ ಬಿಗಿ ಅನ್ನಿಸಿದರೆ ಸಾಕು, ಇಕ್ಕಳ ಮುಟ್ಟಿಸಬಾರದು. ಕೇಬಲ್ ಮುಚ್ಚಳದ ಕೀಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಜಜ್ಜಿಹೋಗುತ್ತದೆ, ಕೋಲು ಇರುವ ಬಲಗಡೆಯ ಬಾಗಿದ ಅಂಚಿನಿಂದ ಹೊರತನ್ನಿ, ಪ್ರೇಕ್ಷಕರ ಕಡೆ ಕಂಡರೆ ಕಾಣಲಿ. ಕೇಬಲ್ ಹಿಡಿದಿಡಲು ಪಿಯಾನೊದ ಪಾಲಿಶ್ ಮೇಲೆ ಗ್ಯಾಫರ್ ಟೇಪ್ ಹಚ್ಚಬೇಡಿ, ಅಂಟು ಉಳಿಯುತ್ತದೆ, ಕಾಗದದ ಮಾಸ್ಕಿಂಗ್ ಟೇಪ್ ಸಾಕು. ಎಲ್ಲಕ್ಕಿಂತ ದೊಡ್ಡ ಕುಂದು ಸ್ವಂತ ಸುಯ್ಯೆನ್ನುವ ಸದ್ದು: ಸುಮಾರು 23 ಡಿಬಿ. ಸ್ಟುಡಿಯೊದ ದೊಡ್ಡ ಮೈಕ್ ಆದ ಎಕೆಜಿ ಸಿ414 ಎಕ್ಸ್‌ಎಲ್‌ಎಸ್‌ನಲ್ಲಿ ಅದು 6. ಬ್ಯಾಂಡ್ ಜೊತೆ ಯಾರಿಗೂ ಕೇಳದು. ಪಿಸುಗುಟ್ಟುವಷ್ಟು ಮೆಲ್ಲಗೆ ನುಡಿಸುವ ಒಂಟಿ ಪಿಯಾನೊವನ್ನು ರೆಕಾರ್ಡ್ ಮಾಡುವಾಗ ಕೇಳುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಕಛೇರಿಗೆ, ಮುಚ್ಚಳ ಪೂರ್ತಿ ಎತ್ತಿ, ಒಂದೂವರೆ ಎರಡು ಮೀಟರ್ ದೂರದಲ್ಲಿ ಸಿ414 ಜೋಡಿ ನಿಲ್ಲಿಸುವುದೇ ಸರಿ. ಅಲ್ಲಿಗೆ 4099 ತರಬೇಡಿ.

ಪರ್ಯಾಯಗಳ ಪೈಕಿ ನಿಜವಾದ ಎದುರಾಳಿ ಅಮೆರಿಕದ ಅರ್ತ್‌ವರ್ಕ್ಸ್ ಪಿಎಂ40. ಪಿಯಾನೊದ ಅಂಚಿನಿಂದ ಅಂಚಿಗೆ ಚಾಚುವ ಒಂದು ಕೋಲು, ಅದರ ಮೇಲೆ ಎಲ್ಲ ದಿಕ್ಕಿನಿಂದಲೂ ಕೇಳುವ ಎರಡು ಓಮ್ನಿ ಮೈಕ್, ಮುಚ್ಚಳ ಮುಚ್ಚಬಹುದು. ಮುಚ್ಚಿದಾಗ ಡಬ್ಬಿತನ ಕಡಿಮೆ, ಮರದ ದನಿ ಹೆಚ್ಚು, ಇಲ್ಲಿ ಅದು 4099ಕ್ಕಿಂತ ಮೇಲು. ಆದರೆ ಓಮ್ನಿಗೆ ಕಿವುಡು ಕೋನವೇ ಇಲ್ಲ. ಮುಚ್ಚಳ ಅರ್ಧ ಎತ್ತಿದ ಕ್ಷಣ ಡ್ರಮ್ಸ್‌ಗೆ ಬಾಗಿಲು ತೆರೆದ ಹಾಗೆ. ಶೂರ್ ಬೀಟಾ 91ಎ ಅನ್ನು ಮುಚ್ಚಳದ ಒಳಗೆ ಟೇಪ್ ಹಾಕಿ ಅಂಟಿಸುವ ರೂಢಿಯೂ ಇದೆ. ಹೆಚ್ಚಾಗಿ ಕಿಕ್ ಡ್ರಮ್‌ಗೆ ಬಳಸುವ ಚಪ್ಪಟೆ ಮೈಕ್ ಅದು. ಅದರ ಸ್ವಿಚ್ 400 ಹರ್ಟ್ಜ್ ಬಳಿ ತಗ್ಗಿಸುವುದರಿಂದ ಮುಚ್ಚಿದ ಪಿಯಾನೊಗೂ ಒಗ್ಗುತ್ತದೆ. ಬಾಡಿಗೆಯವರ ಹತ್ತಿರ ಸುಲಭಕ್ಕೆ ಸಿಗುತ್ತದೆ, ರಾಕ್ ಬ್ಯಾಂಡ್‌ಗೆ ಸಾಲುತ್ತದೆ, ಮೆಲ್ಲನೆಯ ಹಾಡಿನಲ್ಲಿ ಬಡತನ ಬಯಲಾಗುತ್ತದೆ. ಹೆಲ್ಪಿನ್‌ಸ್ಟಿಲ್ ಪಿಕಪ್ ಗಾಳಿಯ ಸದ್ದನ್ನು ಕೇಳುವುದೇ ಇಲ್ಲ, ಉಕ್ಕಿನ ತಂತಿಯ ಅಲುಗಾಟವನ್ನು ಗಿಟಾರ್ ಪಿಕಪ್‌ನಂತೆ ಅಯಸ್ಕಾಂತದಿಂದ ಹಿಡಿಯುತ್ತದೆ. ಎಷ್ಟು ಜೋರಾದ ವೇದಿಕೆಯಲ್ಲೂ ಊಳಿಡುವುದು ಬಹಳ ಕಡಿಮೆ, ಆದರೆ ಹಲಗೆಯ ದನಿ ಬಾರದೆ ಎಲೆಕ್ಟ್ರಿಕ್ ಪಿಯಾನೊ ಅನ್ನಿಸುತ್ತದೆ. ಮಾನಿಟರ್‌ಗೆ ಅದನ್ನು ಕೊಟ್ಟು, ಸಭೆಗೆ 4099 ಕೊಡುವ ಜೋಡಿ ಜೋರು ಬ್ಯಾಂಡ್‌ಗೆ ಚೆನ್ನಾಗಿ ಹೊಂದುತ್ತದೆ.

ತಿಂಗಳಿಗೊಂದು ಪಿಯಾನೊ ಕಾರ್ಯಕ್ರಮವೂ ಸಿಗದವರು ಕೊಳ್ಳುವ ಅವಸರ ಮಾಡಬೇಕಿಲ್ಲ, ಬಾಡಿಗೆಗೆ ತಂದರೂ ಕೆಲಸ ನಡೆಯುತ್ತದೆ. ಕೊಂಡವರಿಗೆ ಒಂದು ಸಮಾಧಾನ: ಕ್ಲಿಪ್ ಬದಲಿಸಿದರೆ ಇದೇ ಮೈಕ್ ಪಿಟೀಲಿಗೂ ಸ್ಯಾಕ್ಸೊಫೋನ್‌ಗೂ ಆಗುತ್ತದೆ, ಪಿಯಾನೊ ಇಲ್ಲದ ದಿನ ಪೆಟ್ಟಿಗೆಯಲ್ಲಿ ಮಲಗಬೇಕಿಲ್ಲ. ಬಾಡಿಗೆಗೆ ತಂದಾಗ ಪೆಟ್ಟಿಗೆ ಅಲ್ಲೇ ತೆರೆದು, ಎರಡು ಅಡಾಪ್ಟರ್, ಎರಡು ಅಯಸ್ಕಾಂತ ಇವೆಯೇ ಎಣಿಸಿ, ಎರಡೂ ಮೈಕ್ ಒಂದೇ ಸೂಕ್ಷ್ಮತೆಯವೇ ಎಂದು ನೋಡಿ. ಒಂದು ಆ ಬಗೆ, ಇನ್ನೊಂದು ಈ ಬಗೆ ಬಂದರೆ ಎಡಗೈ ಬಲಗೈಗಿಂತ 10 ಡಿಬಿ ಮೇಲೋ ಕೆಳಗೋ ಇರುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಪೆಟ್ಟಿಗೆಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಇರಲಿ, ತೇವ ಹಿಡಿದ ಕಂಡೆನ್ಸರ್ ಚಟಪಟ ಎನ್ನುತ್ತದೆ.

ಇನ್ನು ಕಾರ್ಯಕ್ರಮ ಮುಗಿದ ಮೇಲೆ. ಹತ್ತು ಗಂಟೆಗೆ ಸ್ಪೀಕರ್ ನಿಲ್ಲಬೇಕು, ಪಿಯಾನೊ ಲಾರಿಯವರು ಅಷ್ಟರಲ್ಲಿ ಬಂದು ಮೆಟ್ಟಿಲ ಬಳಿ ನಿಂತಿರುತ್ತಾರೆ. ಚಾನೆಲ್ ಮ್ಯೂಟ್ ಮಾಡಿ, ಫ್ಯಾಂಟಮ್ ತೆಗೆದು, ಮೈಕ್ ಕಳಚಿ ಪೆಟ್ಟಿಗೆಗೆ ಹಾಕುವ ಗಡಿಬಿಡಿಯಲ್ಲಿ ಮರೆಯುವುದು ಮೈಕನ್ನಲ್ಲ, ಹೋಲ್ಡರನ್ನು. ಕಪ್ಪು ಹೋಲ್ಡರ್, ಮುಚ್ಚಳದ ನೆರಳು, ಕಾಣುವುದಿಲ್ಲ. ಲಾರಿ ಹೊರಡುವ ಮುಂಚೆ ಮುಚ್ಚಳ ಇನ್ನೊಮ್ಮೆ ಎತ್ತಿಸಿ, ಬಲಗಡೆಯ ಪಟ್ಟಿಯ ಮೇಲೆ ಕೈಯಾಡಿಸಿ ನೋಡಿ.